ಇಂಪೀರಿಯಲ್ ಕಣಿವೆಯ ಕಳ್ಳದಾರಿ

ಆಂಥೊನಿ ಮ್ಯಾನ್ 1949ರಲ್ಲಿ ನಿರ್ದೇಶಿಸಿದ ‘ಬಾರ್ಡರ್ ಇನ್ಸಿಡೆಂಟ್’ ಶುರುವಾಗುವುದು ಅಮೆರಿಕ-ಮೆಕ್ಸಿಕೊ ಗಡಿಗುಂಟ ಹರಿಯುವ ಆಲ್ ಅಮೆರಿಕನ್ ಕಾಲುವೆಯ ನೋಟದಿಂದ. ಆ ನೀರಿನಿಂದ ಹಸಿರಾದ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ದುಡಿದು ಮೆಕ್ಸಿಕೊಗೆ ಮರಳುವ ಆಳುಗಳನ್ನು ಡಕಾಯಿತರು ಸುಲಿದು, ಕೊಂದು, ಹುದುಲಿಗೆ ಎಸೆಯುತ್ತಾರೆ. ಆಳುಗಳನ್ನು ಕದ್ದು ದಾಟಿಸುವ ಜಾಲದ ತುದಿಯಲ್ಲಿ ಸಿಗುವವನು ಒಬ್ಬ ಜಮೀನುದಾರ. ಆ ಕಾಲದ ಹಾಲಿವುಡ್ ಇಷ್ಟು ಹೇಳಿದ್ದೇ ದೊಡ್ಡದು. ಆದರೆ ಅವನ ಕಥೆ ಮುಗಿದೊಡನೆ ಎರಡೂ ಸರ್ಕಾರಗಳು ಸೇರಿ ಎಲ್ಲವನ್ನೂ ನೆಟ್ಟಗೆ ಮಾಡಿದವೆಂದು ಚಿತ್ರ ನಮ್ಮನ್ನು ಮನೆಗೆ ಕಳಿಸುತ್ತದೆ. ಚರಿತ್ರೆಯಲ್ಲಿ ಹಾಗಾಗಲಿಲ್ಲ. ಆಳು ಬೇಕು, ಆಳು ಬರುವ ದಾರಿ ಬೇಡ ಎಂಬ ಕಾನೂನಿನ ಇಬ್ಬಂದಿತನವೇ ಅಲ್ಲಿ ದಲ್ಲಾಳಿಯನ್ನು ಸಾಕಿತು.

ಈ ಕಸುಬಿನ ಮೊದಲ ಗಿರಾಕಿಗಳು ಮೆಕ್ಸಿಕೊದವರಲ್ಲ, ಚೀನೀಯರು. 1882ರ ಕಾನೂನು ಚೀನೀ ಕೂಲಿಕಾರರಿಗೆ ಅಮೆರಿಕದ ಬಾಗಿಲು ಮುಚ್ಚಿದ ಮೇಲೆ ಅವರನ್ನು ದಕ್ಷಿಣದಿಂದ ದಾಟಿಸುವವರು ಹುಟ್ಟಿಕೊಂಡರು. 1917ರಲ್ಲಿ ಮೆಕ್ಸಿಕೊದವರಿಗೂ ತಲೆಗಂದಾಯ, ಓದುಬರಹದ ಪರೀಕ್ಷೆ. 1924ರಲ್ಲಿ ಗಡಿ ಗಸ್ತುಪಡೆ. ಯುದ್ಧಕಾಲದಲ್ಲಿ ಹೊಲಕ್ಕೆ ಜನ ಸಾಲದಾದಾಗ, 1942ರಲ್ಲಿ, ಮೆಕ್ಸಿಕೊದೊಡನೆ ‘ಬ್ರಸೆರೊ’ ಒಪ್ಪಂದವಾಯಿತು. ಸ್ಪ್ಯಾನಿಷಿನಲ್ಲಿ ತೋಳಿಗಿರುವ ಪದದಿಂದ ಬಂದ ಹೆಸರದು. ಬೇಕಾಗಿದ್ದದ್ದೂ ತೋಳು ಮಾತ್ರ.

ಒಪ್ಪಂದವಿದ್ದಾಗಲೂ ಕಳ್ಳದಾಟ ನಡೆದೇ ಇತ್ತಲ್ಲ ಎಂದು ಯಾರಾದರೂ ಕೇಳಬಹುದು. ನಡೆದಿತ್ತು ನಿಜ. ಟೆಕ್ಸಸ್‌ನಲ್ಲಿ ತನ್ನವರನ್ನು ಕೀಳಾಗಿ ಕಾಣುತ್ತಾರೆಂದು ಮೆಕ್ಸಿಕೊ ಆ ರಾಜ್ಯಕ್ಕೆ ಹಲವು ವರ್ಷ ಬ್ರಸೆರೊಗಳನ್ನೇ ಕೊಡಲಿಲ್ಲ. ಅಲ್ಲಿನ ಹೊಲಗಳು ಕಾಗದಪತ್ರವಿಲ್ಲದವರಿಂದ ತುಂಬಿದವು. ಬೇರೆಡೆಯೂ ಒಪ್ಪಂದದ ಕನಿಷ್ಠ ಕೂಲಿ, ವಸತಿಗಳ ಖರ್ಚು ಉಳಿಸಲು ಕಳ್ಳದಾರಿಯ ಆಳೇ ಅಗ್ಗವಾಗಿದ್ದ. 1954ರಲ್ಲಿ 10 ಲಕ್ಷ ದಾಟಿದ್ದ ಕಳ್ಳದಾಟದ ಬಂಧನಗಳು 1956ಕ್ಕೆ 1 ಲಕ್ಷಕ್ಕೂ ಕೆಳಗಿಳಿದವು. ಇದು ಆ ನಡುವೆ ಅಮೆರಿಕ ನಡೆಸಿದ ಸಾಮೂಹಿಕ ಗಡೀಪಾರಿನ ಫಲವೆನ್ನುವವರಿದ್ದಾರೆ. ಭಯಕ್ಕೂ ಪಾಲಿರಬಹುದು. ಆದರೆ ಅದೇ 1956ರಲ್ಲಿ 4 ಲಕ್ಷ 40 ಸಾವಿರಕ್ಕೂ ಹೆಚ್ಚು ಬ್ರಸೆರೊಗಳು ಮುಂಬಾಗಿಲಿನಿಂದಲೇ ಬಂದಿದ್ದರು. 1964ರ ಕೊನೆಗೆ ಒಪ್ಪಂದ ಮುಗಿಯಿತು. (ಚಿತ್ರದಲ್ಲಿ ಅಮೆರಿಕದ ಪತ್ತೇದಾರನಾಗಿದ್ದ ಜಾರ್ಜ್ ಮರ್ಫಿ ಮರುದಿನವೇ ಕ್ಯಾಲಿಫೋರ್ನಿಯಾದ ಸೆನೆಟರ್ ಆದದ್ದು ಕಾಕತಾಳೀಯ.) ಗಸ್ತುಪಡೆ ಅಲ್ಲೇ ಇತ್ತು, ಆದರೂ 1977ಕ್ಕೆ ಬಂಧನಗಳು ಮತ್ತೆ 10 ಲಕ್ಷ ಮೀರಿದವು.

ಹಾಗೆಂದು ‘ಕೊಯೊಟೆ’ ಎಂದು ಕರೆಸಿಕೊಳ್ಳುವ ದಲ್ಲಾಳಿ ಅಮಾಯಕನೇನಲ್ಲ. 2010ರಲ್ಲಿ ಮೆಕ್ಸಿಕೊದ ಸಾನ್ ಫರ್ನಾಂಡೊ ಬಳಿ 72 ವಲಸಿಗರನ್ನು ಕೊಂದದ್ದು ವಲಸೆಯ ದಾರಿಗಳನ್ನು ಹಿಡಿದಿದ್ದ ಮಾದಕದ್ರವ್ಯದ ಗುಂಪು. ಅಂಥವರ ಕೈಗೆ ಈ ದಾರಿಗಳು ಹೇಗೆ ಹೋದವು ಎಂಬುದನ್ನು ಮಾತ್ರ ಕೇಳಬೇಕು. 1994ರಲ್ಲಿ ಸ್ಯಾನ್ ಡಿಯಾಗೊದಲ್ಲಿ ‘ಆಪರೇಷನ್ ಗೇಟ್‌ಕೀಪರ್’ ಹೆಸರಿನಲ್ಲಿ ಗಡಿ ಕಾವಲು ಬಿಗಿಯಾದಾಗ ಜನ ಬರುವುದನ್ನು ಬಿಡಲಿಲ್ಲ. ಪೂರ್ವದ ಮರುಭೂಮಿಗೆ ಸರಿದರು. ಪರಿಚಯದವನೊಬ್ಬ ದಾರಿ ತೋರಿಸಿದರೆ ಸಾಕಾಗುತ್ತಿದ್ದ ಕಾಲ ಹೋಗಿ ವಾಹನ, ಅಡಗುಮನೆ, ಲಂಚ ಎಲ್ಲವೂ ಬೇಕಾದವು. ದಾಟಿಸುವ ದರವೂ ಏರಿತು. ಹಾಗೆ ಸರಿದವರಲ್ಲಿ ಅನೇಕರು ಇಂಪೀರಿಯಲ್ ಕಣಿವೆಯ ಬಿಸಿಲಿಗೂ, ಚಿತ್ರ ತೋರಿಸುವ ಅದೇ ಕಾಲುವೆಗೂ ಬಲಿಯಾದರು. ಅಲ್ಲಿನ ಹೋಲ್ಟ್‌ವಿಲ್ ಊರಿನ ಸ್ಮಶಾನದಲ್ಲಿ ಗುರುತು ಸಿಗದ ನೂರಾರು ಜನರನ್ನು ಹೂಳಲಾಗಿದೆ. ಅವರ ತಲೆದೆಸೆಯಲ್ಲಿರುವ ಇಟ್ಟಿಗೆಗಳ ಮೇಲೆ ‘ಜಾನ್ ಡೋ’, ಅಂದರೆ ಅನಾಮಧೇಯ, ಎಂದು ಬರೆದಿದೆ.