ಎಕ್ಸ್‌ಪ್ಲೋರರ್ ಮತ್ತು ಫೈರ್‌ಸ್ಟೋನ್: ತಡವಾಗಿ ಕಿವಿಗೆ ಬಿದ್ದ ದೂರುಗಳು

ಫೋರ್ಡ್ ಕಂಪನಿಯ ಎಕ್ಸ್‌ಪ್ಲೋರರ್ ಎಸ್‌ಯುವಿ 1990ರ ಮಾರ್ಚ್‌ನಲ್ಲಿ, 1991ರ ಮಾದರಿಯಾಗಿ, ಅಮೆರಿಕದ ಮಾರುಕಟ್ಟೆಗೆ ಬಂತು. ಅದೇ ಕಂಪನಿಯ ರೇಂಜರ್ ಪಿಕಪ್ ಟ್ರಕ್ಕಿನ ಅಡಿಗಟ್ಟಿನ ಮೇಲೆ ಕುಟುಂಬದವರು ಕೂರುವಂಥ ಒಡಲನ್ನು ಕೂರಿಸಿದ ವಾಹನ ಅದು. ಮಕ್ಕಳನ್ನು ಶಾಲೆಗೆ ಬಿಡಲು, ವಾರದ ಸಾಮಾನು ತರಲು, ರಜೆಗೆ ಸಾವಿರಾರು ಮೈಲಿ ಓಡಿಸಲು ಆವರೆಗೆ ಸ್ಟೇಷನ್ ವ್ಯಾಗನ್ ಇಟ್ಟುಕೊಂಡಿದ್ದ ಮಧ್ಯಮವರ್ಗ ಇದಕ್ಕೆ ಮುಗಿಬಿದ್ದಿತು. ಆ ದಶಕದುದ್ದಕ್ಕೂ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಎಸ್‌ಯುವಿ ಇದೇ. 2000ದಲ್ಲಂತೂ ಒಂದೇ ವರ್ಷಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು ಮಾರಾಟವಾದವು. ಎತ್ತರದಲ್ಲಿ ಕೂತರೆ ಸುರಕ್ಷಿತ ಎಂಬ ಭಾವನೆಯೂ ಈ ಬೇಡಿಕೆಗೆ ಒಂದು ಕಾರಣ. ಮುಂದೆ ನಡೆದದ್ದನ್ನು ನೋಡಿದರೆ ಆ ನಂಬಿಕೆಗೆ ಗಟ್ಟಿ ಆಧಾರವಿರಲಿಲ್ಲ.

ಎಕ್ಸ್‌ಪ್ಲೋರರ್‌ಗೆ ಮುಂಚೆ ಆ ಜಾಗದಲ್ಲಿದ್ದದ್ದು ಬ್ರಾಂಕೊ 2. ತಿರುವಿನಲ್ಲಿ ಮಗುಚಿಕೊಳ್ಳುತ್ತದೆಂಬ ಕೆಟ್ಟ ಹೆಸರು ಅದಕ್ಕೆ ಅಂಟಿತ್ತು. 1989ರಲ್ಲಿ ಗ್ರಾಹಕ ಸಂಸ್ಥೆ ಕನ್ಸ್ಯೂಮರ್ಸ್ ಯೂನಿಯನ್ ಕೂಡ ಅದನ್ನು ಕಟುವಾಗಿ ಟೀಕಿಸಿತ್ತು. ಹೊಸ ವಾಹನದ ಪರೀಕ್ಷೆಗಳಲ್ಲಿ ಫೋರ್ಡಿನ ಎಂಜಿನಿಯರುಗಳಿಗೆ ಅದೇ ಚಿಂತೆ ಕಾಡಿತು. ಚಕ್ರಗಳ ನಡುವಿನ ಅಗಲ ಹೆಚ್ಚಿಸುವುದು, ಎಂಜಿನ್ ತಗ್ಗಿಸಿ ಕೂರಿಸುವುದು ಮೊದಲಾದ ದೊಡ್ಡ ಮಾರ್ಪಾಡುಗಳಿಗೆ ಕೈಹಾಕಿದರೆ ಬಿಡುಗಡೆ ಮುಂದೆ ಹೋಗುತ್ತಿತ್ತು. ಆಗ ಸುಲಭದ ದಾರಿ ಹಿಡಿಯಲಾಯಿತು: ಸ್ಪ್ರಿಂಗುಗಳನ್ನು ಕೊಂಚ ಬದಲಿಸಿ, ಟೈರಿನ ಗಾಳಿಯ ಒತ್ತಡವನ್ನು 26 ಪಿಎಸ್‌ಐಗೆ ಇಳಿಸಲಾಯಿತು. ಮೆತ್ತಗಿನ ಟೈರು ರಸ್ತೆಯನ್ನು ಚುರುಕಾಗಿ ಕಚ್ಚಿ ಹಿಡಿಯುವುದಿಲ್ಲವಾದ್ದರಿಂದ ವಾಹನ ಮಗುಚುವ ಮೊದಲು ಜಾರುತ್ತದೆ ಎಂಬುದು ಲೆಕ್ಕ. ಈ ನಿರ್ಧಾರಗಳ ಕಾಗದಪತ್ರಗಳೆಲ್ಲ ಮುಂದೆ ನ್ಯಾಯಾಲಯದ ಮೊಕದ್ದಮೆಗಳಲ್ಲಿ ಹೊರಬಂದವು.

ಗಾಳಿ ಕಡಿಮೆಯಿದ್ದರೆ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಕಾಯುತ್ತದೆ. ಮಾಲೀಕರು ತಿಂಗಳುಗಟ್ಟಲೆ ಗಾಳಿ ನೋಡದೆ ಓಡಿಸುವುದು ಎಲ್ಲೆಡೆಯೂ ಇರುವ ರೂಢಿ. ಹಾಗಾಗಿ 26ರಿಂದ ಇನ್ನೂ ಕೆಳಗಿಳಿದ ಟೈರುಗಳ ಮೇಲೆ, ತುಂಬಿದ ಕುಟುಂಬ ಮತ್ತು ಅದರ ಸಾಮಾನು ಹೊತ್ತು, ಬಿರುಬಿಸಿಲ ಹೆದ್ದಾರಿಯಲ್ಲಿ ಗಂಟೆಗೆ 70 ಮೈಲಿ ವೇಗದಲ್ಲಿ ಎಷ್ಟೋ ಎಕ್ಸ್‌ಪ್ಲೋರರ್‌ಗಳು ಓಡುತ್ತಿದ್ದವು.

ಆ ಟೈರುಗಳು ಫೈರ್‌ಸ್ಟೋನ್‌ನವು. ಎರಡು ಕಂಪನಿಗಳ ನಂಟು ಹಳೆಯದು. 1906ರಲ್ಲಿ ಹೆನ್ರಿ ಫೋರ್ಡ್ ತನ್ನ ಕಾರುಗಳಿಗೆ ಹಾರ್ವೆ ಫೈರ್‌ಸ್ಟೋನ್‌ನಿಂದ 2,000 ಸೆಟ್ ಟೈರು ಕೊಂಡಲ್ಲಿಂದ ಅದು ಆರಂಭವಾಯಿತು. ಮುಂದೆ ಮನೆತನಗಳ ನಡುವೆ ಮದುವೆಯೂ ಆಗಿ, ಈ ಟೈರುಗಳ ಹಗರಣ ಹೊರಬಿದ್ದ ಹೊತ್ತಿಗೆ ಫೋರ್ಡ್ ಕಂಪನಿಯ ಅಧ್ಯಕ್ಷನಾಗಿದ್ದ ವಿಲಿಯಂ ಕ್ಲೇ ಫೋರ್ಡ್ ಜೂನಿಯರ್ ಇಬ್ಬರಿಗೂ ಮರಿಮಗನಾಗಿದ್ದ. ಫೈರ್‌ಸ್ಟೋನ್‌ಗೆ ಟೈರಿನ ದೋಷದ ಪೆಟ್ಟು ಹೊಸದೂ ಆಗಿರಲಿಲ್ಲ. 1978ರಲ್ಲಿ ಅದರ 'ಫೈರ್‌ಸ್ಟೋನ್ 500' ಟೈರುಗಳ ಮೇಲ್ಪದರ ಕಿತ್ತು ಬರುತ್ತಿದೆಯೆಂದು ಸುಮಾರು 1 ಕೋಟಿ 45 ಲಕ್ಷ ಟೈರುಗಳನ್ನು ವಾಪಸು ಪಡೆಯಬೇಕಾಗಿ ಬಂದಿತ್ತು. ಆ ಹೊಡೆತದಿಂದ ಪೂರ್ತಿ ಚೇತರಿಸಿಕೊಳ್ಳಲಾಗದೆ 1988ರಲ್ಲಿ ಕಂಪನಿ 260 ಕೋಟಿ ಡಾಲರಿಗೆ ಜಪಾನಿನ ಬ್ರಿಡ್ಜ್‌ಸ್ಟೋನ್ ಪಾಲಾಯಿತು.

ರೇಡಿಯಲ್ ಟೈರಿನ ಹೊರಮೈಯಡಿ, ಅಂದರೆ ಟ್ರೆಡ್‌ನ ಕೆಳಗೆ, ಉಕ್ಕಿನ ಎಳೆಗಳಿರುವ ಎರಡು ಪಟ್ಟಿಗಳು ಒಂದರ ಮೇಲೊಂದು ಸುತ್ತಿಕೊಂಡಿರುತ್ತವೆ. ಅವುಗಳ ನಡುವೆ ಇರುವುದು ತೆಳು ರಬ್ಬರಿನ ಪದರ. ಪಟ್ಟಿಯ ಅಂಚಿನಲ್ಲಿ ಏಳುವ ಕೂದಲೆಳೆಯ ಬಿರುಕು ಶಾಖಕ್ಕೆ, ವಯಸ್ಸಿಗೆ ನಿಧಾನವಾಗಿ ಒಳಗೊಳಗೇ ಹರಡುತ್ತದೆ. ಕೊನೆಗೊಂದು ದಿನ ಹೊರಪಟ್ಟಿ ಟ್ರೆಡ್ ಸಮೇತ ಒಳಪಟ್ಟಿಯಿಂದ ಕಿತ್ತುಕೊಂಡು ಚಕ್ರದ ಕಮಾನಿಗೆ ಬಡಿಯುತ್ತದೆ. ಎಷ್ಟೋ ಸಲ ಟೈರಿನ ಗಾಳಿ ಹಾಗೇ ಉಳಿದಿರುತ್ತಿತ್ತು. ಕಿತ್ತದ್ದು ಹಿಂದಿನ ಚಕ್ರವಾದರೆ ಹಿಡಿತ ತಪ್ಪಿ ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ಗಾಬರಿಬಿದ್ದ ಚಾಲಕ ಸ್ಟಿಯರಿಂಗ್ ಎಳೆದರೆ ಇಲ್ಲವೇ ಬ್ರೇಕ್ ತುಳಿದರೆ ಎತ್ತರದ ವಾಹನ ಅಡ್ಡ ತಿರುಗಿ ಉರುಳುತ್ತದೆ. ಬಿರುಕು ಬೆಳೆಯಲು ವರ್ಷಗಳು ಬೇಕಾದ್ದರಿಂದ ಈ ದೋಷ ಶೋರೂಮಿನಿಂದ ಆಗಷ್ಟೇ ಬಂದ ವಾಹನದಲ್ಲಿ ಸಾಮಾನ್ಯವಾಗಿ ಕಾಣುತ್ತಿರಲಿಲ್ಲ. ಅದು ತಲೆಹಾಕುವ ಹೊತ್ತಿಗೆ ಬಹಳಷ್ಟು ಎಕ್ಸ್‌ಪ್ಲೋರರ್‌ಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಇಳಿದಿದ್ದವು.

ವಾಹನ ಹಿಂಪಡೆಯುವ ಕಾನೂನೇನೋ ಅಮೆರಿಕದಲ್ಲಿ ಆಗಲೇ ಇತ್ತು. ರಾಲ್ಫ್ ನೇಡರ್ 1965ರಲ್ಲಿ ಬರೆದ ಪುಸ್ತಕ ಎಬ್ಬಿಸಿದ ಗದ್ದಲದ ನಡುವೆ 1966ರ ಸಂಚಾರ ಸುರಕ್ಷತಾ ಕಾಯ್ದೆ ಬಂತು, 1970ರಲ್ಲಿ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತ ಸ್ಥಾಪನೆಯಾಯಿತು. ದೋಷವನ್ನು ಕಂಪನಿ ತನ್ನ ಖರ್ಚಿನಲ್ಲೇ ಸರಿಪಡಿಸಬೇಕೆಂಬ ನಿಯಮ ಸೇರಿದ್ದು 1974ರಲ್ಲಿ. ಆದರೆ ಇಡೀ ವ್ಯವಸ್ಥೆ ನಿಂತಿದ್ದು ಮಾಲೀಕರ ದೂರಿನ ಮೇಲೆ. ಟೈರು ಸಿಡಿದರೆ ಯಾರು ಸರ್ಕಾರಕ್ಕೆ ಪತ್ರ ಬರೆಯುತ್ತಾರೆ? ಮೊಳೆ ಚುಚ್ಚಿರಬೇಕು ಎಂದುಕೊಂಡು ಹೊಸ ಟೈರು ಹಾಕಿಸುವವರೇ ಹೆಚ್ಚು. 2000ದ ಆರಂಭದ ವೇಳೆಗೆ ಈ ಸುರಕ್ಷತಾ ಸಂಸ್ಥೆಯ ಬಳಿ ಈ ಟೈರುಗಳ ಬಗ್ಗೆ ಇದ್ದದ್ದು ಒಂಬತ್ತು ವರ್ಷಗಳಲ್ಲಿ ಚದುರಿ ಬಂದ 46 ದೂರುಗಳು.

ನಿಜವಾದ ಮಾಹಿತಿ ಬೇರೆ ಬೇರೆಯವರ ಕಪಾಟಿನಲ್ಲಿತ್ತು, ಈ ಚರಿತ್ರೆಯ ತಿರುಳೂ ಅದೇ. ಸ್ಟೇಟ್ ಫಾರ್ಮ್ ವಿಮಾ ಕಂಪನಿಯ ವಿಶ್ಲೇಷಕ ಸ್ಯಾಮ್ ಬಾಯ್ಡನ್ 1998ರ ಜುಲೈಯಲ್ಲಿ 21 ಟ್ರೆಡ್ ಕಿತ್ತ ಪ್ರಕರಣಗಳನ್ನು ಸಂಸ್ಥೆಯ ಗಮನಕ್ಕೆ ತಂದ. ಅದರಿಂದ ಏನೂ ಹುಟ್ಟಲಿಲ್ಲ. ಸಂತ್ರಸ್ತರ ಪರ ವಾದಿಸುತ್ತಿದ್ದ ಕೆಲವು ವಕೀಲರಿಗೆ 1996ರಲ್ಲೇ ಅಪಘಾತಗಳ ನಡುವಿನ ಹೋಲಿಕೆ ಕಂಡಿತ್ತು. ಸರ್ಕಾರ ತನಿಖೆ ನಡೆಸಿ ದೋಷವಿಲ್ಲ ಎಂದುಬಿಟ್ಟರೆ ತಮ್ಮ ಮೊಕದ್ದಮೆ ದುರ್ಬಲವಾದೀತೆಂದು ಅವರು ಸುಮ್ಮನಿದ್ದರು. ರಾಜಿಯಾದ ಮೊಕದ್ದಮೆಗಳ ಕಡತಗಳು ಗೋಪ್ಯತೆಯ ಕರಾರಿನಡಿ ಮುಚ್ಚಿಹೋಗುತ್ತಿದ್ದವು. ಎರಡೂ ಕಂಪನಿಗಳಿಗೆ ಹೊರದೇಶಗಳಿಂದ ಸುದ್ದಿ ಬರುತ್ತಲೇ ಇತ್ತು. ಫೋರ್ಡ್ 1999ರ ಆಗಸ್ಟ್‌ನಲ್ಲಿ ಸೌದಿ ಅರೇಬಿಯಾ ಮತ್ತು ನೆರೆಯ ದೇಶಗಳಲ್ಲಿ, ಆಮೇಲೆ ಮಲೇಷ್ಯಾ, ಥಾಯ್ಲೆಂಡ್, ವೆನೆಜುವೆಲಾಗಳಲ್ಲಿ ಟೈರು ಬದಲಿಸಿಕೊಟ್ಟಿತು. 'ರೀಕಾಲ್' ಎಂಬ ಪದವನ್ನು ಮಾತ್ರ ಬಳಸಲಿಲ್ಲ. ಸೌದಿಯಲ್ಲಿ ಹೀಗೆ ಮಾಡಿದರೆ ಅಮೆರಿಕದ ಸಾರಿಗೆ ಇಲಾಖೆಗೂ ತಿಳಿಸಬೇಕಾದೀತೆಂಬ ಅಳುಕು ಫೈರ್‌ಸ್ಟೋನ್‌ಗೆ ಇದೆಯೆಂದು 1999ರ ಮಾರ್ಚ್‌ನ ಫೋರ್ಡ್ ಟಿಪ್ಪಣಿಯೊಂದರಲ್ಲಿ ದಾಖಲಾಗಿದೆ. ಆಗಿನ ಕಾನೂನಿನ ಪ್ರಕಾರ ಹೊರದೇಶದ ರೀಕಾಲನ್ನು ಅಮೆರಿಕಕ್ಕೆ ತಿಳಿಸುವುದು ಕಡ್ಡಾಯವಿರಲಿಲ್ಲ.

ಮೌನ ಒಡೆದದ್ದು ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದ ಕೆಎಚ್‌ಒಯು ಟಿವಿ ವಾಹಿನಿ. 2000ದ ಫೆಬ್ರುವರಿಯಲ್ಲಿ ಅದು ಎಕ್ಸ್‌ಪ್ಲೋರರ್ ಅಪಘಾತಗಳ ತನಿಖಾ ವರದಿ ಪ್ರಸಾರ ಮಾಡುತ್ತಲೇ ನೋಡಿದವರ ಕರೆಗಳು ಸಾಲುಗಟ್ಟಿದವು. ದೂರು ಕೊಡಬೇಕಾದ ಜಾಗ ಯಾವುದೆಂದು ಜನರಿಗೆ ಆಗ ಗೊತ್ತಾಯಿತು. ಮೇ 2ರಂದು ಸುರಕ್ಷತಾ ಸಂಸ್ಥೆ ಪ್ರಾಥಮಿಕ ತನಿಖೆ ಆರಂಭಿಸಿತು. ಆಗಸ್ಟ್ 9ರಂದು ಫೈರ್‌ಸ್ಟೋನ್ 1 ಕೋಟಿ 44 ಲಕ್ಷ ಟೈರುಗಳನ್ನು ಹಿಂಪಡೆಯುವುದಾಗಿ ಪ್ರಕಟಿಸಿತು: 15 ಇಂಚಿನ ಎಟಿಎಕ್ಸ್, ಎಟಿಎಕ್ಸ್ 2, ಮತ್ತು ಇಲಿನಾಯ್ ರಾಜ್ಯದ ಡೆಕಾಟರ್ ಕಾರ್ಖಾನೆಯಲ್ಲಿ ತಯಾರಾದ ವೈಲ್ಡರ್‌ನೆಸ್ ಎಟಿ. ಅವುಗಳಲ್ಲಿ ಆಗಲೂ ರಸ್ತೆಯ ಮೇಲಿದ್ದದ್ದು ಸುಮಾರು 65 ಲಕ್ಷ ಎಂಬ ಅಂದಾಜಿತ್ತು.

ಹೊಸ ಟೈರುಗಳ ದಾಸ್ತಾನು ಸಾಲದಾಗಿ, ಸೆಕೆ ಹೆಚ್ಚಿನ ಅರಿಜೋನ, ಕ್ಯಾಲಿಫೋರ್ನಿಯಾ, ಫ್ಲಾರಿಡಾ, ಟೆಕ್ಸಾಸ್‌ಗಳಿಗೆ ಮೊದಲ ಸರದಿ ಎಂದಾಯಿತು. ಮಿಕ್ಕ ರಾಜ್ಯಗಳ ಮಾಲೀಕರು ಇದಕ್ಕೆ ಸಿಡಿದೆದ್ದದ್ದು ಸಹಜವೇ. ಟೈರು ಹೊಂದಿಸಲು ಫೋರ್ಡ್ ತನ್ನ ಮೂರು ಕಾರ್ಖಾನೆಗಳನ್ನು ಕೆಲಕಾಲ ನಿಲ್ಲಿಸಿ, ಅಲ್ಲಿ ಹೊಸ ವಾಹನಗಳಿಗೆ ಹೋಗಬೇಕಿದ್ದ ಟೈರುಗಳನ್ನು ಅಂಗಡಿಗಳಿಗೆ ಕಳಿಸಿತು.

ತನ್ನ ಟೈರು ಆ ಪಟ್ಟಿಯಲ್ಲಿದೆಯೇ ಎಂದು ತಿಳಿಯುವುದೂ ಮಾಲೀಕನಿಗೆ ಸುಲಭವಿರಲಿಲ್ಲ. ಟೈರಿನ ಪಕ್ಕೆಯಲ್ಲಿ 'ಡಿಒಟಿ' ಅಕ್ಷರಗಳ ಮುಂದೆ ಕಾರ್ಖಾನೆಯ ಸಂಕೇತ, ಕೊನೆಯಲ್ಲಿ ತಯಾರಾದ ವಾರ ಮತ್ತು ವರ್ಷ ಅಚ್ಚಾಗಿರುತ್ತವೆ. ಡೆಕಾಟರ್‌ನ ಸಂಕೇತ 'ವಿಡಿ'. ಬಿಳಿ ಅಕ್ಷರದ ಚೆಂದದ ಪಕ್ಕೆಯನ್ನು ಹೊರಮುಖವಾಗಿ ಕೂರಿಸುತ್ತಿದ್ದುದರಿಂದ ಪೂರ್ತಿ ಸಂಖ್ಯೆ ಎಷ್ಟೋ ಟೈರುಗಳಲ್ಲಿ ಒಳಪಕ್ಕೆಗೆ ಬೀಳುತ್ತಿತ್ತು. ಟಾರ್ಚು ಹಿಡಿದು ಗಾಡಿಯ ಕೆಳಗೆ ನುಸುಳಿ ಓದಬೇಕಿತ್ತು. ಸೆಕೆಂಡ್ ಹ್ಯಾಂಡ್ ಕೊಂಡವರ ಪಾಡು ಇನ್ನೂ ಕಷ್ಟ. ಸ್ವತಂತ್ರ ಅಂಗಡಿಯಲ್ಲಿ ಕೊಂಡ ಟೈರಿನ ನೋಂದಣಿ ಚೀಟಿಯನ್ನು ಅಂಚೆಗೆ ಹಾಕುವ ಹೊಣೆ 1980ರ ದಶಕದಿಂದ ಗ್ರಾಹಕನ ಮೇಲೇ ಇತ್ತು, ಹಾಕುತ್ತಿದ್ದವರು ತೀರಾ ಕಡಿಮೆ. ಗಾಡಿ ಕೈಬದಲಾದ ಮೇಲೆ ಆ ಚೀಟಿಯಲ್ಲಿನ ವಿಳಾಸಕ್ಕೂ ಟೈರಿಗೂ ಸಂಬಂಧವೇ ಉಳಿಯುತ್ತಿರಲಿಲ್ಲ. ಹಿಂದೆ ನೇತುಬಿದ್ದ ಸ್ಟೆಪ್ನಿಯಾಗಿ ಹಳೆಯ ಟೈರು ಹಾಗೇ ಉಳಿದ ಗಾಡಿಗಳೂ ಇದ್ದವು.

2000ದ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಸಂಸತ್ತಿನ ಸಮಿತಿಗಳೆದುರು ಫೋರ್ಡ್ ಮುಖ್ಯಸ್ಥ ಜಾಕ್ ನಾಸರ್ ಮತ್ತು ಬ್ರಿಡ್ಜ್‌ಸ್ಟೋನ್-ಫೈರ್‌ಸ್ಟೋನ್ ಮುಖ್ಯಸ್ಥ ಮಸಾತೋಶಿ ಓನೊ ಹಾಜರಾದರು. ಓನೊ ಕ್ಷಮೆ ಕೇಳಿದರು, ತಿಂಗಳೊಪ್ಪತ್ತಿನಲ್ಲಿ ಹುದ್ದೆಯನ್ನೂ ಬಿಟ್ಟರು. ನಾಸರ್ ಇದು ಟೈರಿನ ಸಮಸ್ಯೆ, ವಾಹನದ್ದಲ್ಲ ಎಂದು ಪಟ್ಟು ಹಿಡಿದರು. ಗುಡ್‌ಇಯರ್ ಟೈರು ಹಾಕಿದ್ದ ಎಕ್ಸ್‌ಪ್ಲೋರರ್‌ಗಳಲ್ಲಿ ಇಂಥ ದೂರು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ ಎಂಬುದು ಅವರ ವಾದ. ಅದೇ ಟೈರು ಹಾಕಿದ ರೇಂಜರ್ ಪಿಕಪ್‌ಗಳಲ್ಲಿ ಟ್ರೆಡ್ ಅಷ್ಟು ಕೀಳುತ್ತಿಲ್ಲವಲ್ಲ ಎಂಬುದು ಫೈರ್‌ಸ್ಟೋನ್‌ನ ಮರುಪ್ರಶ್ನೆ. ಎರಡೂ ಮಾತಿನಲ್ಲಿ ಹುರುಳಿತ್ತು. ದುರ್ಬಲ ಟೈರು ಕಿತ್ತುಬರುತ್ತಿತ್ತು, ಎತ್ತರದ ಗಾಡಿ ಆ ತಪ್ಪನ್ನು ಕ್ಷಮಿಸುತ್ತಿರಲಿಲ್ಲ.

ಡೆಕಾಟರ್‌ನ ಟೈರೇ ಏಕೆ ಎಂಬುದಕ್ಕೆ ಅರ್ಥಶಾಸ್ತ್ರಜ್ಞರಾದ ಅಲನ್ ಕ್ರೂಗರ್ ಮತ್ತು ಅಲೆಕ್ಸಾಂಡರ್ ಮಾಸ್ ಒಂದು ಉತ್ತರ ಕೊಟ್ಟಿದ್ದಾರೆ. 1994ರ ಜುಲೈಯಿಂದ ಅಲ್ಲಿ ದೀರ್ಘ ಮುಷ್ಕರ ನಡೆದು, ಬದಲಿ ಕಾರ್ಮಿಕರು ಯಂತ್ರಗಳೆದುರು ನಿಂತಿದ್ದರು. ಕೂಲಿ ಕಡಿತದ ಬೇಡಿಕೆ ಮುಂದಿಟ್ಟ ಕಾಲದಲ್ಲಿ, ಮತ್ತು ಹಳಬರು ಬದಲಿಯವರ ಪಕ್ಕ ನಿಂತು ಕೆಲಸ ಮಾಡಿದ ಕಾಲದಲ್ಲಿ ತಯಾರಾದ ಟೈರುಗಳಲ್ಲೇ ದೋಷ ಹೆಚ್ಚೆಂದು ಅವರ 2004ರ ಅಧ್ಯಯನ ತೋರಿಸಿತು.

2001ರ ಮೇ 21ರಂದು ಫೈರ್‌ಸ್ಟೋನ್, ಫೋರ್ಡಿಗೆ ಇನ್ನು ಟೈರು ಮಾರುವುದಿಲ್ಲವೆಂದು ಪತ್ರ ಬರೆದು ಸುಮಾರು ನೂರು ವರ್ಷದ ನಂಟು ಕಡಿದುಕೊಂಡಿತು. ಮರುದಿನವೇ ಫೋರ್ಡ್ ಇನ್ನೂ 1 ಕೋಟಿ 30 ಲಕ್ಷ ವೈಲ್ಡರ್‌ನೆಸ್ ಟೈರುಗಳನ್ನು ತನ್ನ ಖರ್ಚಿನಲ್ಲಿ, ಸುಮಾರು 300 ಕೋಟಿ ಡಾಲರ್ ವೆಚ್ಚದಲ್ಲಿ, ಬದಲಿಸುವುದಾಗಿ ಸಾರಿತು. ಅಕ್ಟೋಬರ್‌ನಲ್ಲಿ ಬಂದ ಸರ್ಕಾರಿ ತನಿಖೆಯ ತೀರ್ಮಾನದ ಮೇಲೆ ಮತ್ತೆ 35 ಲಕ್ಷ ಟೈರುಗಳು ಪಟ್ಟಿ ಸೇರಿದವು. ಆ ವೇಳೆಗೆ ಸಂಸ್ಥೆಯ ದಾಖಲೆಯಲ್ಲಿ ಈ ಟೈರುಗಳಿಗೆ ಸಂಬಂಧಿಸಿದ ಸಾವುಗಳ ಸಂಖ್ಯೆ 271ಕ್ಕೆ ಮುಟ್ಟಿತ್ತು. ಅದೇ ತಿಂಗಳ ಕೊನೆಗೆ ನಾಸರ್ ಹುದ್ದೆ ಕಳೆದುಕೊಂಡರು, ಡಿಸೆಂಬರ್‌ನಲ್ಲಿ ಡೆಕಾಟರ್ ಕಾರ್ಖಾನೆ ಬಾಗಿಲು ಹಾಕಿತು. ಎಕ್ಸ್‌ಪ್ಲೋರರ್ ವಾಹನದ ಬಗ್ಗೆಯೂ ತನಿಖೆಯಾಗಬೇಕೆಂದು ಫೈರ್‌ಸ್ಟೋನ್ ಮಾಡಿದ ಮನವಿಯನ್ನು ಸಂಸ್ಥೆ 2002ರ ಫೆಬ್ರುವರಿಯಲ್ಲಿ ತಳ್ಳಿಹಾಕಿತು. ಅಷ್ಟರಲ್ಲಿ ಫೋರ್ಡ್ 2002ರ ಮಾದರಿಯಲ್ಲಿ ಚಕ್ರಗಳ ನಡುವಿನ ಅಗಲವನ್ನು ಹೆಚ್ಚಿಸಿಯಾಗಿತ್ತು.

ಈ ಪ್ರಕರಣದ ಕೂಸು 'ಟ್ರೆಡ್' ಕಾಯ್ದೆ. ಅಧ್ಯಕ್ಷ ಬಿಲ್ ಕ್ಲಿಂಟನ್ 2000ದ ನವೆಂಬರ್ 1ರಂದು ಅದಕ್ಕೆ ಸಹಿ ಹಾಕಿದರು. ಸಾವು, ಗಾಯ, ವಾರಂಟಿ ಕ್ಲೇಮು, ಗ್ರಾಹಕರ ದೂರುಗಳ ಲೆಕ್ಕವನ್ನು ಕಂಪನಿಗಳು ನಿಯತವಾಗಿ ಸರ್ಕಾರಕ್ಕೆ ಒಪ್ಪಿಸಬೇಕು, ಹೊರದೇಶದ ರೀಕಾಲನ್ನೂ ತಿಳಿಸಬೇಕು ಎಂದು ಅದು ವಿಧಿಸಿತು. 2007ರ ಸೆಪ್ಟೆಂಬರ್‌ನಿಂದ ಅಮೆರಿಕದ ಪ್ರತಿ ಹೊಸ ಕಾರಿನಲ್ಲೂ ಗಾಳಿ ಕಡಿಮೆಯಾದರೆ ಹೊತ್ತಿಕೊಳ್ಳುವ ಹಳದಿ ದೀಪ ಕಡ್ಡಾಯವಾದದ್ದು ಇದರಿಂದಲೇ. ಡಿಒಟಿ ಸಂಖ್ಯೆ ಪೂರ್ತಿಯಾಗಿ ಹೊರಪಕ್ಕೆಗೆ ಬಂದದ್ದೂ ಆಮೇಲಿನ ಟೈರು ನಿಯಮಗಳಿಂದ.

ಎಕ್ಸ್‌ಪ್ಲೋರರ್‌ನ ದೂರುಗಳು ಅಲ್ಲಿಗೆ ಮುಗಿಯಲಿಲ್ಲ. 2011ರಿಂದ 2017ರವರೆಗಿನ ಮಾದರಿಗಳಲ್ಲಿ ಹೊಗೆಕೊಳವೆಯ ವಾಸನೆ ಒಳಗೆ ನುಗ್ಗುತ್ತದೆಂದು, ತಲೆ ಸುತ್ತುತ್ತದೆಂದು ಸಾವಿರಾರು ಮಾಲೀಕರು ಬರೆದರು. ಕಾರ್ಬನ್ ಮಾನಾಕ್ಸೈಡ್ ಭಯದಿಂದ ಟೆಕ್ಸಾಸ್‌ನ ಆಸ್ಟಿನ್ ಪೊಲೀಸರು 2017ರಲ್ಲಿ ತಮ್ಮ ಎಕ್ಸ್‌ಪ್ಲೋರರ್ ಪಡೆಯನ್ನೇ ರಸ್ತೆಯಿಂದ ಎಳೆದರು. ಫೋರ್ಡ್ ಉಚಿತ ರಿಪೇರಿ ಕೊಟ್ಟಿತು. 2016ರಲ್ಲಿ ಶುರುವಾದ ಸರ್ಕಾರಿ ತನಿಖೆ 2023ರಲ್ಲಿ ರೀಕಾಲ್ ಇಲ್ಲದೆ ಮುಗಿಯಿತು.

ಹಳೆಯ ಗಾಡಿ ಕೊಳ್ಳುವವರ ಪಾಲಿಗೆ ಬದಲಾವಣೆ ನಿಧಾನವಾಗಿ ಬಂತು. 17 ಅಕ್ಷರ-ಅಂಕಿಗಳ ವಿಐಎನ್ ಸಂಖ್ಯೆ ಕೊಟ್ಟು, ಬಾಕಿ ಉಳಿದ ರೀಕಾಲ್ ಇದೆಯೇ ಎಂದು ಯಾರು ಬೇಕಾದರೂ ನೋಡಬಹುದಾದ ಸೌಲಭ್ಯ 2014ರಲ್ಲಿ ಸಿಕ್ಕಿತು. 2015ರ ಕಾಯ್ದೆ ಉಚಿತ ರಿಪೇರಿಯ ಅವಧಿಯನ್ನು ಹತ್ತರಿಂದ ಹದಿನೈದು ವರ್ಷಕ್ಕೆ ಏರಿಸಿತು. ರೀಕಾಲ್ ಆದ ಕಾರನ್ನು ರಿಪೇರಿ ಮಾಡಿಸದೆ ಬಾಡಿಗೆಗೆ ಕೊಡಬಾರದೆಂದು ದೊಡ್ಡ ಬಾಡಿಗೆ ಕಂಪನಿಗಳಿಗೆ ಅದೇ ಕಾಯ್ದೆ ಕಟ್ಟುಹಾಕಿತು. ಹಳೆಯ ಕಾರು ಮಾರುವ ಡೀಲರುಗಳಿಗೆ ಆ ಕಟ್ಟು ಅನ್ವಯಿಸುವುದಿಲ್ಲ.