ಶಾಲಾ ಮಕ್ಕಳ ಊಟ ನಡೆದು ಬಂದ ದಾರಿ



ನಮ್ಮ ಹಾಲು ಉತ್ಪಾದಕರ ಸಂಘಕ್ಕೆ 25 ವರ್ಷ ತುಂಬಿದೆ, ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಅಧ್ಯಕ್ಷರು ಹೇಳಿದರು. ಎಸ್ಸೆಸ್ಸೆಲ್ಸಿ ಓದಿದ ರೈತ ನಾನು, ದೊಡ್ಡ ವಿಷಯ ಬರೆಯೋಕೆ ಬರಲ್ಲ. ಡೈರಿಗೆ ಹಾಕುವ ಹಾಲು ಪುಡಿಯಾಗಿ ಶಾಲೆಗೂ ಹೋಗುತ್ತದಲ್ಲ, ಆ ಶಾಲೆಯ ಊಟದ ಕಥೆಯನ್ನೇ ಬರೆದಿದ್ದೇನೆ.

ನಮ್ಮ ತಂದೆಯವರು ಓದುವಾಗ, 1960ರ ದಶಕದಲ್ಲಿ, ಅಮೆರಿಕದ ಕೇರ್ ಸಂಸ್ಥೆಯಿಂದ ಬಂದ ಸಾಮಾನಿನಲ್ಲಿ ಶಾಲೆಗಳಲ್ಲಿ ಉಪ್ಪಿಟ್ಟು ಮಾಡಿ ಕೊಡುತ್ತಿದ್ದರು. "ನಾನು ಸ್ಕೂಲಿಗೆ ಹೋಗಿದ್ದೇ ಉಪ್ಪಿಟ್ಟಿಗೆ ಕಣೋ" ಎಂದು ಅಪ್ಪ ಈಗಲೂ ನಗ್ತಾರೆ. ನನ್ನ ಕಾಲಕ್ಕೆ ನಮ್ಮೂರಲ್ಲಿ ಅದು ನಿಂತುಹೋಗಿತ್ತು. ಪಕ್ಕದ ಮದ್ರಾಸ್ ರಾಜ್ಯದಲ್ಲಿ ಕಾಮರಾಜರು 1956ರಲ್ಲೇ ಮಧ್ಯಾಹ್ನದ ಊಟ ಆರಂಭಿಸಿದ್ದರು. 1982ರಲ್ಲಿ ಎಂ.ಜಿ.ಆರ್. ಅದನ್ನು ಇನ್ನೂ ದೊಡ್ಡದು ಮಾಡಿದರು.

ಕೇಂದ್ರದ ಯೋಜನೆ ಬಂದದ್ದು 1995ರ ಆಗಸ್ಟ್ 15ಕ್ಕೆ. ಬೇಯಿಸಿದ ಊಟ ಕೊಡಬೇಕೆಂಬುದು ಉದ್ದೇಶ. ಆದರೆ ಹೆಚ್ಚಿನ ರಾಜ್ಯಗಳು ಧಾನ್ಯ ಹಂಚಿ ಸುಮ್ಮನಾದವು. ಶೇ. 80 ಹಾಜರಿ ಇದ್ದ ಪ್ರಾಥಮಿಕ ಶಾಲೆ ಮಗುವಿಗೆ ತಿಂಗಳಿಗೆ 3 ಕೆ.ಜಿ. ನನ್ನ ತಂಗಿ ಆಗ ಮೂರನೇ ತರಗತಿ. ಅವಳು ತಂದ ಅಕ್ಕಿ ಆರು ಜನರ ಮನೆಯಲ್ಲಿ ಎರಡು ದಿನಕ್ಕೆ ಖಾಲಿ. ಮಾರನೇ ದಿನ ಮತ್ತೆ ಬರೀ ಹೊಟ್ಟೆಯಲ್ಲೇ ಶಾಲೆಗೆ. ಒಂದು ವರ್ಷ ಮಳೆ ಕೈಕೊಟ್ಟಾಗ ಅವ್ವನ ಜೊತೆ ಕಡ್ಲೆಕಾಯಿ ಕೀಳೋಕೆ ಕೂಲಿಗೆ ಹೋದಳು. ಹಾಜರಿ ಕಮ್ಮಿ ಬಂತು, ಆ ತಿಂಗಳ ಅಕ್ಕಿಯೂ ಇಲ್ಲ. ಹಸಿವು ಹೆಚ್ಚಿದ್ದ ತಿಂಗಳೇ ಅದು! ಮೇಷ್ಟ್ರನ್ನು ಬೈಯುವ ಹಾಗಿಲ್ಲ, ನಿಯಮವೇ ಹಾಗಿತ್ತು.

2001ರಲ್ಲಿ ಸರ್ಕಾರಿ ಗೋಡೌನುಗಳಲ್ಲಿ ಧಾನ್ಯ ತುಂಬಿ ತುಳುಕುತ್ತಿದ್ದರೂ ಬರಗಾಲದ ರಾಜಸ್ಥಾನದಲ್ಲಿ ಜನ ಹಸಿದಿದ್ದಾರೆಂದು ಪಿಯುಸಿಎಲ್ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು. ಆ ವರ್ಷ ನವೆಂಬರ್ 28ರಂದು ಕೋರ್ಟು, ಧಾನ್ಯ ಹಂಚಿದರೆ ಸಾಲದು, ಬೇಯಿಸಿದ ಊಟವನ್ನೇ ಕೊಡಿ, ಕನಿಷ್ಠ 300 ಕ್ಯಾಲರಿ ಇರಲಿ, ವರ್ಷಕ್ಕೆ 200 ದಿನವಾದರೂ ಕೊಡಿ ಎಂದು ಆದೇಶ ಮಾಡಿತು. ನಮ್ಮ ರಾಜ್ಯದಲ್ಲಿ 2002ರ ಜೂನ್‌ನಲ್ಲಿ ಉತ್ತರ ಕರ್ನಾಟಕದ 7 ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಯಿತು. ನಮ್ಮ ಕಡೆಗೆ ಬಂದದ್ದು 2003ರಲ್ಲಿ. ತಟ್ಟೆಗೆ ಬಿದ್ದ ಅನ್ನ ಸಾರನ್ನು ಆ ಮಗುವೇ ಉಣ್ಣುತ್ತದೆ, ಮನೆ ಮಂದಿಗೆಲ್ಲ ಹಂಚಿಹೋಗಲ್ಲ. ಚೀಲದ ಅಕ್ಕಿಗೂ ಇದಕ್ಕೂ ಇರೋ ವ್ಯತ್ಯಾಸ ಇದೇ. ಜಾತಿ ನೋಡದೆ ಒಂದೇ ಸಾಲಲ್ಲಿ ಕೂತು ಉಣ್ಣೋದನ್ನು ಮೊದಮೊದಲು ಕೆಲವರು ಒಪ್ಪಲಿಲ್ಲ, ಆ ಮಾತು ಇಲ್ಲಿ ಬೇಡ.

2013ರ ಆಗಸ್ಟ್ 1ರಂದು ಕ್ಷೀರಭಾಗ್ಯ ಬಂತು. ಮಗುವಿಗೆ 150 ಮಿ.ಲೀ. ಹಾಲು, ಮೊದಲು ವಾರಕ್ಕೆ 3 ದಿನ, ಆಮೇಲೆ 5 ದಿನ. ಆಗ ಹಾಲು ಹೆಚ್ಚಾಗಿ ಪುಡಿಯ ದಾಸ್ತಾನು ಬೆಳೆದಿದ್ದರಿಂದ ಇದರಲ್ಲಿ ಉತ್ಪಾದಕರ ಲಾಭವೂ ಇತ್ತು, ಮುಚ್ಚಿಡೋದು ಯಾಕೆ. ಆದರೂ ಬೆಳಗಿನ ಜಾವ ಕ್ಯಾನಿಗೆ ಒಂದು ಚೊಂಬು ನೀರು ಸೇರಿಸಿ ತರುವ ಒಬ್ಬಿಬ್ಬರು ಸದಸ್ಯರಿಗೆ ನಾನು ಕೇಳೋದು ಇಷ್ಟೇ: ನಿಮ್ಮ ಮೊಮ್ಮಗು ಯಾವ ಶಾಲೆಗೆ ಹೋಗ್ತದೆ ಸ್ವಾಮಿ?