ಐ ಡ್ರೀಮ್ ಎ ವರ್ಲ್ಡ್
ಅಮೆರಿಕದ ಛಾಯಾಗ್ರಾಹಕ ಬ್ರಯನ್ ಲ್ಯಾಂಕರ್ (1947–2011) ತೆಗೆದ, ಸಾಧನೆ ಮಾಡಿದ 75 ಕಪ್ಪು ಮಹಿಳೆಯರ ಕಪ್ಪು-ಬಿಳುಪು ಭಾವಚಿತ್ರಗಳ ಸಂಗ್ರಹ. 1989ರಲ್ಲಿ ಪುಸ್ತಕವಾಗಿ ಬಂದು, ಅದೇ ವರ್ಷ ವಾಷಿಂಗ್ಟನ್ನಿನ ಕೋರ್ಕರನ್ ಗ್ಯಾಲರಿಯಲ್ಲಿ ಪ್ರದರ್ಶನಗೊಂಡಿತು. ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡದ ರೋಸಾ ಪಾರ್ಕ್ಸ್, ಕಾದಂಬರಿಕಾರ್ತಿ ಟೋನಿ ಮಾರಿಸನ್, ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆ ಶರ್ಲಿ ಚಿಶಮ್ ಇದರಲ್ಲಿದ್ದಾರೆ. ಮುಖಪುಟದಲ್ಲಿರುವವರು ಮಾತ್ರ ಇವರಷ್ಟು ಹೆಸರಾಗದ ಸೆಪ್ಟಿಮಾ ಕ್ಲಾರ್ಕ್. ಓದುಬರಹದ ಪರೀಕ್ಷೆಯ ನೆಪದಲ್ಲಿ ಕಪ್ಪು ಜನರಿಗೆ ಮತದಾನ ತಪ್ಪಿಸುತ್ತಿದ್ದ ದಕ್ಷಿಣದ ರಾಜ್ಯಗಳಲ್ಲಿ, ವಯಸ್ಕರಿಗೆ ಅಕ್ಷರ ಕಲಿಸುವ ಪೌರತ್ವ ಶಾಲೆಗಳನ್ನು ಬೆಳೆಸಿದ ಶಿಕ್ಷಕಿ ಅವರು. ಅಂಥವರನ್ನು ಮುಂದಿಟ್ಟದ್ದೇ ಈ ಸಂಗ್ರಹದ ದೊಡ್ಡ ಗುಣ. ಪ್ರತಿ ಚಿತ್ರದ ಜೊತೆ ಆ ಮಹಿಳೆ ತನ್ನ ಬದುಕಿನ ಬಗ್ಗೆ ತಾನೇ ಆಡಿದ ಮಾತುಗಳಿವೆ. ಮುನ್ನುಡಿ ಕವಯಿತ್ರಿ ಮಾಯಾ ಏಂಜೆಲೋ ಅವರದು.